ಗೇಮ್ ಮುಂದೆ ಹೋಯ್ತಾ? ಬೈಯುವ ಮೊದಲು ಇಷ್ಟು ನೋಡಿ

ನಾನು ಪುಣೆಯ ಖರಾಡಿಯಲ್ಲಿ ಗೇಮ್ ಟೆಸ್ಟರ್. ಊರು ಗದಗ. ಯಾವುದೇ ದೊಡ್ಡ ಗೇಮ್‌ನ ಬಿಡುಗಡೆ ಮುಂದೆ ಹೋದ ಸುದ್ದಿ ಬಂದರೂ ಸಾಕು, ಚಿಕ್ಕಪ್ಪನ ಮಗನ ಮೆಸೇಜ್ ಬರುತ್ತದೆ: "ಅಕ್ಕಾ, ಮತ್ತ ಮುಂದ ಹಾಕ್ಯಾರ ನೋಡು. ಏನ್ ಮಾಡ್ತೀರಿ ನೀವೆಲ್ಲ ಅಲ್ಲಿ ಕುಂತು?" ಜಿಟಿಎ 6 ಮೊದಲು 2025 ಅಂದರು. ಆಮೇಲೆ 2026ರ ಮೇ 26, ಅದಾದ ಮೇಲೆ ನವೆಂಬರ್ 19. ಎರಡೂ ಸಲ ಬೈಸಿಕೊಂಡವಳು ನಾನು. ಆ ಗೇಮ್‌ಗೂ ನನಗೂ ಏನೂ ಸಂಬಂಧ ಇಲ್ಲ!

ಅವನಿಗೆ ಆಗಾಗ ಹೇಳಿದ್ದನ್ನೇ ಇಲ್ಲಿ ಒಂದು ಕಡೆ ಬರೆದಿದ್ದೇನೆ. ಗೇಮ್ ಮುಂದೆ ಹೋಯಿತು ಅಂದರೆ ಕೆಲವು ಸಲ ನಮಗೇ ಲಾಭ, ಕೆಲವು ಸಲ ಒಳಗೆ ಏನೋ ಕೆಟ್ಟಿದೆ ಅಂತ ಅರ್ಥ. ಯಾವುದು ಯಾವುದು ಅಂತ ಹೊರಗೆ ಕೂತೇ ಸುಮಾರಾಗಿ ಹೇಳಬಹುದು.

ಆ ಟೈಮ್ ಎಲ್ಲಿ ಹೋಗುತ್ತೆ?

ಒಂದು ಬಗ್, ಅಂದರೆ ಗೇಮ್ ಒಳಗಿನ ದೋಷ ತಗೊಳ್ಳಿ. ಆಟಗಾರ ಲಿಫ್ಟ್ ಹತ್ತಿದ ಕೂಡಲೇ ಗೇಮ್ ತಾನೇ ಸೇವ್ ಆಗುತ್ತದೆ. ಅದೇ ಗಳಿಗೆಗೆ ಯಾರೋ ಗುಂಡು ಹೊಡೆದು ಅವನು ಸಾಯುತ್ತಾನೆ. ಮತ್ತೆ ಲೋಡ್ ಮಾಡಿದರೆ ಅವನು ಮೇಲಿನ ಮಹಡಿಯಲ್ಲಿ, ಲಿಫ್ಟ್ ಕೆಳಗೆ. ಬಾಗಿಲು ಮುಚ್ಚಿದೆ, ಬಟನ್ ಕೆಲಸ ಮಾಡುವುದಿಲ್ಲ. ಹಳೆಯ ಸೇವ್ ಇಲ್ಲದಿದ್ದರೆ ಮೂವತ್ತು ಗಂಟೆಯ ಆಟ ಅಲ್ಲಿಗೆ ಖಲಾಸ್. ಇದಕ್ಕೆ ನಾವು ಬ್ಲಾಕರ್ ಅಂತೀವಿ. ಇಂಥದ್ದು ಸಿಕ್ಕರೆ ನಮ್ಮ ಟೀಮ್‌ನ ಮರಾಠಿ ಹುಡುಗರು "ಸಾಪಡ್ಲಾ!" (ಸಿಕ್ತು!) ಅಂತ ಕೂಗುತ್ತಾರೆ, ಲಾಟರಿ ಹೊಡೆದ ಖುಷಿ.

ಖುಷಿ ಅಲ್ಲಿಗೇ ಮುಗಿಯುತ್ತದೆ. ಪ್ರೋಗ್ರಾಮರ್ ಕೇಳುವ ಮೊದಲ ಪ್ರಶ್ನೆ, "ಪ್ರತಿ ಸಲ ಬರುತ್ತಾ?" ಪ್ರತಿ ಸಲ ಬರಲ್ಲ, ಅದೇ ತಲೆನೋವು. ಸಾವು ಮತ್ತು ಸೇವ್ ಒಟ್ಟಿಗೇ ಆಗಬೇಕು. ಹಾಗಾಗಿ ಅದೇ ಲಿಫ್ಟ್ ಹತ್ತು, ಸಾಯಿ, ಲೋಡ್ ಮಾಡು. ಮತ್ತೆ ಹತ್ತು, ಸಾಯಿ. ಬಗ್ ತರಿಸುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ವಿಡಿಯೋ ಜೊತೆ ಕಳಿಸಬೇಕು. ಅವರು ಸೇವ್ ಆಗುವ ಜಾಗವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಸರಿ ಮಾಡುತ್ತಾರೆ. ಮರುದಿನ ನೋಡಿದರೆ ಆ ಮಹಡಿಯಲ್ಲಿ ಸಂಗೀತವೇ ಶುರುವಾಗುವುದಿಲ್ಲ! ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಅದಕ್ಕೇ ಪ್ರತಿ ಫಿಕ್ಸ್ ಬಂದಾಗಲೂ ಸುತ್ತಮುತ್ತಲಿನದನ್ನೆಲ್ಲ ಮತ್ತೆ ಆಡಿ ನೋಡಬೇಕು. ಪಿಸಿಯಲ್ಲಿ ಒಮ್ಮೆ, ಒಂದೊಂದು ಕನ್ಸೋಲ್‌ನಲ್ಲಿ (ಟಿವಿಗೆ ಜೋಡಿಸಿ ಆಡುವ ಗೇಮ್ ಮಷಿನ್) ಒಮ್ಮೊಮ್ಮೆ.

ಇದಾದ ಮೇಲೆ ಸರ್ಟಿಫಿಕೇಶನ್, ಅಂದರೆ ಕನ್ಸೋಲ್ ಮಾಡುವ ಕಂಪನಿಗಳ ಒಪ್ಪಿಗೆ. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂವರಿಗೂ ತಮ್ಮದೇ ನಿಯಮಗಳ ಪಟ್ಟಿ ಇದೆ. ಆಟದ ನಡುವೆ ಕಂಟ್ರೋಲರ್ ಕನೆಕ್ಷನ್ ಕಡಿದರೆ ಏನಾಗಬೇಕು, ಸೇವ್ ಮಾಡಲು ಜಾಗ ಇಲ್ಲದಿದ್ದರೆ ಏನು ತೋರಿಸಬೇಕು, ಇಂಥವು. ಫೇಲಾದರೆ ಸರಿ ಮಾಡಿ ಮತ್ತೆ ಕಳಿಸಬೇಕು. "ಕೆಲವು ವಾರ ಮುಂದೂಡಿದ್ದೇವೆ" ಅಂತ ಕಂಪನಿ ಹೇಳಿದರೆ ಆ ವಾರಗಳು ಹೆಚ್ಚಾಗಿ ಹೀಗೇ ಕರಗುತ್ತವೆ.

ಎಷ್ಟು ದಿನ, ಎಷ್ಟನೇ ಸಲ

ಹೊಸ ತಾರೀಖು ಎಷ್ಟು ದೂರ ಇದೆ ನೋಡಿ. ಒಂದೆರಡು ತಿಂಗಳಾದರೆ ಗೇಮ್ ತಯಾರಾಗಿದೆ, ಉಜ್ಜುವ ಕೆಲಸ ಬಾಕಿ ಇದೆ ಅಂತ ತಿಳಿಯಬಹುದು. ಎಲ್ಡನ್ ರಿಂಗ್ 2022ರ ಜನವರಿ 21ರಿಂದ ಫೆಬ್ರವರಿ 25ಕ್ಕೆ ಹೋಯಿತು. ಇವತ್ತು ಆ ಒಂದು ತಿಂಗಳನ್ನು ಯಾರೂ ನೆನಪಿಟ್ಟಿಲ್ಲ.

ಒಂದು ವರ್ಷ ಅಂದರೂ ಗಾಬರಿ ಬೇಡ. ಜೆಲ್ಡಾದ ಟಿಯರ್ಸ್ ಆಫ್ ದಿ ಕಿಂಗ್‌ಡಮ್ 2022ಕ್ಕೆ ಬರಬೇಕಿತ್ತು, ಬಂದಿದ್ದು 2023ರ ಮೇ 12ಕ್ಕೆ. ಅದರಲ್ಲಿ ಆಟಗಾರ ಹಲಗೆ, ಚಕ್ರ, ಫ್ಯಾನ್ ಏನು ಬೇಕಾದರೂ ಅಂಟಿಸಿ ಗಾಡಿ ಕಟ್ಟಬಹುದು. ಟೆಸ್ಟರ್ ಕಣ್ಣಲ್ಲಿ ನೋಡಿದರೆ ಅದು ಭಯಂಕರ ಗೇಮ್. ಜನ ಏನೇನು ಅಂಟಿಸುತ್ತಾರೋ ಯಾರಿಗೆ ಗೊತ್ತು? ಅಷ್ಟೆಲ್ಲ ಅಂಟಿಸಿದರೂ ಕುಸಿಯದೆ ನಿಂತಿತು ಅಂದರೆ ಆ ವರ್ಷ ಸುಮ್ನೆ ಹೋಗಿಲ್ಲ.

ಹೇಲೋ ಇನ್ಫಿನಿಟ್ ಕಥೆ ನನಗೆ ಇನ್ನೂ ಇಷ್ಟ. 2020ರ ಜುಲೈನಲ್ಲಿ ತೋರಿಸಿದಾಗ ಗ್ರಾಫಿಕ್ಸ್ ನೋಡಿ ಜನ ನಕ್ಕರು. ಮುಂದಿನ ತಿಂಗಳೇ ಮುಂದೂಡಿದರು. ಮೈಕ್ರೋಸಾಫ್ಟ್‌ನ ಹೊಸ ಕನ್ಸೋಲ್ ಎಕ್ಸ್‌ಬಾಕ್ಸ್ ನವೆಂಬರ್‌ನಲ್ಲಿ ತನ್ನ ದೊಡ್ಡ ಗೇಮ್ ಇಲ್ಲದೆಯೇ ಬಂತು. ಗೇಮ್ ಬಂದಿದ್ದು 2021ರ ಡಿಸೆಂಬರ್ 8ಕ್ಕೆ. ಅಷ್ಟು ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಅನುಮಾನ ಪಡಬೇಕಾದದ್ದು ಸಣ್ಣ ಸಣ್ಣದಾಗಿ ಮತ್ತೆ ಮತ್ತೆ ಮುಂದೆ ಹೋದಾಗ. ಸೈಬರ್‌ಪಂಕ್ 2077 ನೆನಪಿದೆ ಅಲ್ವಾ? 2020ರ ಏಪ್ರಿಲ್ ಹೋಗಿ ಸೆಪ್ಟೆಂಬರ್, ಸೆಪ್ಟೆಂಬರ್ ಹೋಗಿ ನವೆಂಬರ್. ಅಕ್ಟೋಬರ್‌ನಲ್ಲಿ "ಗೋಲ್ಡ್ ಆಯ್ತು" ಅಂದರು. ಅಂದರೆ ಡಿಸ್ಕ್‌ಗೆ ಹಾಕುವ ಆವೃತ್ತಿ ರೆಡಿ ಅಂತ. ಅದಾದ ಮೇಲೂ ಡಿಸೆಂಬರ್ 10ಕ್ಕೆ ತಳ್ಳಿದರು. ಬಿಡುಗಡೆಗೆ ಮೊದಲು ವಿಮರ್ಶಕರಿಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ಸೋನಿಯ ಹಳೆಯ ಕನ್ಸೋಲ್ ಪಿಎಸ್ 4ರಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ ಒಂದೇ ವಾರದಲ್ಲಿ ಸೋನಿ ತನ್ನ ಸ್ಟೋರ್‌ನಿಂದ ತೆಗೆದುಹಾಕಿತು. ಮತ್ತೆ ಸೇರಿಸಿದ್ದು 2021ರ ಜೂನ್‌ನಲ್ಲಿ. ಜನ ನಿಜವಾಗಿ ಮೆಚ್ಚಿಕೊಂಡಿದ್ದು 2023ರ 2.0 ಅಪ್‌ಡೇಟ್ ಬಂದ ಮೇಲೆ. ಬೇಕಾಗಿದ್ದ ಟೈಮ್ ಅವರು ಹೇಗೂ ತಗೊಂಡರು, ಆದರೆ ಆ ಹೊತ್ತಿಗೆ ದುಡ್ಡು ಕೊಟ್ಟವರೇ ಟೆಸ್ಟರ್ ಆಗಿದ್ದರು. ಅದೂ ಸಂಬಳ ಇಲ್ಲದೆ.

ಇನ್ನು ತಾರೀಖೇ ಕೊಡದೆ ಮುಂದೂಡಿ, ಮಾಡುವ ಟೀಮನ್ನೂ ಬದಲಿಸಿದರೆ ಆಸೆ ಬಿಡಿ. ಇದಕ್ಕೆ ನಮ್ಮ ಪುಣೆಯದೇ ಉದಾಹರಣೆ ಇದೆ. ಪ್ರಿನ್ಸ್ ಆಫ್ ಪರ್ಷಿಯಾ: ಸ್ಯಾಂಡ್ಸ್ ಆಫ್ ಟೈಮ್ ರಿಮೇಕ್ ಯೂಬಿಸಾಫ್ಟ್ ಕಂಪನಿಯ ಪುಣೆ, ಮುಂಬೈ ಸ್ಟುಡಿಯೋಗಳ ಕೈಯಲ್ಲಿತ್ತು. 2021ರ ಜನವರಿ ಅಂದರು, ಮಾರ್ಚ್ ಅಂದರು, ಆಮೇಲೆ ತಾರೀಖೇ ಇಲ್ಲ. 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. 2026ರ ಜನವರಿಯಲ್ಲಿ ರದ್ದೇ ಆಯಿತು. ಇಲ್ಲಿನ ಗೇಮ್ ಜನರಿಗೆಲ್ಲ ಅದೊಂದು ಬೇಜಾರು.

ಅಂದಹಾಗೆ, ಗೇಮ್ ಮುಂದೆ ಹೋದರೆ ಮಾಡುವವರಿಗೆ ಆರಾಮ ಅಂದುಕೊಳ್ಳಬೇಡಿ. ಎಷ್ಟೋ ಕಡೆ ರಾತ್ರಿ ಪಾಳಿಯೂ ಅದರ ಜೊತೆಗೇ ಉದ್ದವಾಗುತ್ತದೆ.

ದುಡ್ಡಿನ ವಿಷಯ

ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಪ್ರೀ-ಆರ್ಡರ್ ಮಾಡಿದ್ದರೆ ಬಿಡುಗಡೆಗೆ ಮೊದಲು ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ಬಿಡುಗಡೆಯಾದ ಮೇಲೆ 14 ದಿನದೊಳಗೆ ಕೇಳಬೇಕು, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಆ ಎರಡು ಗಂಟೆಯನ್ನು ಕಥೆ ನೋಡುತ್ತಾ ಕಳೆಯಬೇಡಿ. ಜನ ಜಾಸ್ತಿ ಇರುವ ಜಾಗಕ್ಕೆ ಹೋಗಿ, ಜೋರಾಗಿ ಓಡಿ, ಕ್ಯಾಮೆರಾ ಗಿರಗಿರ ತಿರುಗಿಸಿ. ಗೇಮ್ ತಡವರಿಸುವುದಿದ್ದರೆ ಅಲ್ಲೇ ತಡವರಿಸುತ್ತದೆ.

ಅಂಗಡಿಯಲ್ಲಿ ಅಡ್ವಾನ್ಸ್ ಕೊಡುವವರು ಇನ್ನೂ ಹುಷಾರಾಗಿರಿ. ಪುಣೆಯ ಕ್ಯಾಂಪ್ ಏರಿಯಾದ ಒಂದು ಅಂಗಡಿಯಲ್ಲಿ ನನ್ನ ರೂಮ್‌ಮೇಟ್ ದುಡ್ಡು ಕಟ್ಟಿದ್ದಳು. ಗೇಮ್ ಮುಂದೆ ಹೋಯಿತು. ವಾಪಸ್ ಕೇಳಿದರೆ "ಬೇರೆ ಸಿಡಿ ತಗೊಂಡು ಹೋಗಿ" ಅಂದರು. ರಸೀದಿಯಲ್ಲಿ ಗೇಮ್ ಹೆಸರು ಬಿಟ್ಟರೆ ಏನೂ ಇರಲಿಲ್ಲ, ಜಗಳಕ್ಕೂ ಆಧಾರ ಇಲ್ಲ. "ಮುಂದೂಡಿದರೆ ಹಣ ವಾಪಸ್" ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆಯಲ್ಲ ಅಂದರೆ ಪರ್ಸ್ ಒಳಗಿಡಿ.

ವಿಮರ್ಶೆ ಓದುವಾಗ ಅವರು ಆಡಿದ್ದು ನಿಮ್ಮ ಹತ್ತಿರ ಇರುವ ಮಷಿನ್‌ನಲ್ಲೇ ಅಂತ ಖಚಿತ ಮಾಡಿಕೊಳ್ಳಿ. ಸಾವಿರಾರು ರೂಪಾಯಿಯ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಬೆಣ್ಣೆಯಂತೆ ಓಡಿದ್ದು ನಿಮ್ಮ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹಾಗೇ ಓಡಬೇಕೆಂದಿಲ್ಲ.

ಅಲ್ಲಿಯವರೆಗೆ ಆಡಲು ಏನಾದರೂ ಬೇಕು ಅಂದರೆ ರಾಜಿ: ಆನ್ ಏನ್ಶಿಯಂಟ್ ಎಪಿಕ್ ನೋಡಿ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು ಮಾಡಿದ್ದು, 2020ರಲ್ಲಿ ಬಂತು. ತಮ್ಮನನ್ನು ಹುಡುಕಿ ಹೊರಟ ಅಕ್ಕನ ಕಥೆ. ಒಂದು ಶನಿವಾರ, ಭಾನುವಾರಕ್ಕೆ ಆರಾಮಾಗಿ ಮುಗಿಯುತ್ತದೆ.