ಲ್ಯಾಬ್ ಅನುಭವ ಅಂತ ನಾನು ಬರೆದುಕೊಂಡದ್ದು

ನನ್ನ ರೆಸ್ಯೂಮೆಯಲ್ಲಿ ಓದಿನ ಭಾಗ ತುಂಬ ಚಿಕ್ಕದು. ಬಯೋಕೆಮಿಸ್ಟ್ರಿಯಲ್ಲಿ ಎಂಎಸ್ಸಿ, ಆಮೇಲೆ ಕ್ಯಾನ್ಸರ್ ಕೋಶಗಳ ಮೇಲೆ ಕೆಲಸ ಮಾಡುವ ಲ್ಯಾಬ್‌ನಲ್ಲಿ ರಿಸರ್ಚ್ ಅಸಿಸ್ಟೆಂಟ್. ಪಿಎಚ್‌ಡಿ ಸಂದರ್ಶನಗಳಲ್ಲಿ ಅದರ ಬಗ್ಗೆ ಯಾರೂ ಜಾಸ್ತಿ ಕೇಳಲಿಲ್ಲ. ಮಾತೆಲ್ಲ ನಡೆದದ್ದು ಕೆಳಗಿದ್ದ ಒಂದು ಸಾಲಿನ ಮೇಲೆ: ಸೆಲ್ ಕಲ್ಚರ್ (ಕೋಶಗಳನ್ನು ಲ್ಯಾಬ್‌ನಲ್ಲಿ ಬೆಳೆಸುವುದು), ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಬೇಕಾದ್ದನ್ನು ಆಂಟಿಬಾಡಿಯಿಂದ ಗುರುತಿಸುವುದು), ಕ್ಯೂಪಿಸಿಆರ್ (ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆಯುವುದು). ಈ ಮೂರು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತವೆ ಅಲ್ವಾ? ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ನಾನು ಆ ಸಾಲನ್ನು ಬಿಡಿಸಿ ಬರೆದೆ. ಯಾವ ಕೋಶ, ಯಾವ ಪ್ರೋಟೀನ್, ಯಾವ ಕಂಟ್ರೋಲ್ (ಫಲಿತಾಂಶವನ್ನು ಹೋಲಿಸಿ ನೋಡುವ ಸ್ಯಾಂಪಲ್) ಅಂತ.

ನನ್ನ ಕೈ ಪಳಗಿದ್ದು ಹೀಲಾ ಕೋಶಗಳ ಮೇಲೆ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗೆಡ್ಡೆಯಿಂದ, ಅವರ ಒಪ್ಪಿಗೆ ಕೇಳದೆ ತೆಗೆದುಕೊಂಡ ಕೋಶಗಳಿವು. ಈ ಸಂಗತಿ ತಿಳಿಯದೆ ಈ ಕೋಶಗಳನ್ನು ಮುಟ್ಟಬಾರದು ಅಂತ ನನ್ನ ಅಭಿಪ್ರಾಯ. 37 ಡಿಗ್ರಿ ಸೆಲ್ಸಿಯಸ್, ಶೇ 5ರಷ್ಟು ಕಾರ್ಬನ್ ಡೈಆಕ್ಸೈಡ್, ಶೇ 10ರಷ್ಟು ಸೀರಮ್ (ರಕ್ತದ ತಿಳಿದ್ರವ) ಬೆರೆಸಿದ ಮೀಡಿಯಾ, ಅಂದರೆ ಕೋಶಗಳ ಪೋಷಕ ದ್ರವ ಕೊಟ್ಟರೆ ಸಾಕು, ಬೆಳೆಯುತ್ತಲೇ ಇರುತ್ತವೆ. ತೊಂದರೆಯೂ ಅದೇ. ಬೇರೆ ಫ್ಲಾಸ್ಕಿಗೆ ಸ್ವಲ್ಪ ಹಾರಿದರೂ ಅಲ್ಲಿದ್ದ ಕೋಶಗಳನ್ನು ಹಿಂದೆ ಹಾಕಿ ಇವೇ ತುಂಬಿಕೊಳ್ಳುತ್ತವೆ. ಅದಕ್ಕೇ ಹುಡ್‌ನಲ್ಲಿ (ಶುದ್ಧ ಗಾಳಿ ಹರಿಯುವ ಕೆಲಸದ ಪೆಟ್ಟಿಗೆಯಲ್ಲಿ) ಒಂದು ಸಲಕ್ಕೆ ಒಂದೇ ಬಗೆಯ ಕೋಶ, ಪ್ರತಿಯೊಂದಕ್ಕೂ ಬೇರೆ ಮೀಡಿಯಾ ಬಾಟಲಿ ಇಟ್ಟುಕೊಂಡೆ.

ಇನ್ನೊಂದು ಕಾಟ ಮೈಕೋಪ್ಲಾಸ್ಮಾ ಎಂಬ ಅತಿ ಚಿಕ್ಕ ಬ್ಯಾಕ್ಟೀರಿಯಾ. ಬೇರೆ ಬ್ಯಾಕ್ಟೀರಿಯಾ ಸೇರಿದರೆ ಮೀಡಿಯಾ ಕದಡಿ ಗೊತ್ತಾಗುತ್ತದೆ. ಇದು ಸೇರಿದರೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಇದಕ್ಕೆ ಕೋಶಭಿತ್ತಿ ಇಲ್ಲ, ಹಾಗಾಗಿ ಆ ಭಿತ್ತಿಯನ್ನು ಕೆಡಿಸುವ ಪೆನಿಸಿಲಿನ್ ನಾಟುವುದಿಲ್ಲ. ಕೋಶಗಳು ಸುಮ್ನೆ ಬೆಳೆಯುತ್ತಿರುವಂತೆ ಕಂಡರೂ ಒಳಗೆ ಜೀನ್‌ಗಳ ವರ್ತನೆಯೇ ಬದಲಾಗಿರಬಹುದು. ಕೋಶಗಳ ಹೊಸ ವಯಲ್ ಬಂದಾಗಲೆಲ್ಲ ಪಿಸಿಆರ್ (ಮೈಕೋಪ್ಲಾಸ್ಮಾದ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿ ನೋಡುವುದು, ಅಲ್ಲಿಯವರೆಗೆ ಅದನ್ನು ಬೇರೆ ಇನ್‌ಕ್ಯುಬೇಟರಿನಲ್ಲಿ ಇಡುವುದು ನನ್ನ ಅಭ್ಯಾಸವಾಯಿತು. ರೆಸ್ಯೂಮೆಯಲ್ಲಿ ಇದನ್ನೂ ಬರೆದೆ. ಒಂದು ಸಂದರ್ಶನ ಇಲ್ಲಿಂದಲೇ ಶುರುವಾಯಿತು.

ಹೆಚ್ಚು ಸಮಯ ಹೋದದ್ದು ವೆಸ್ಟರ್ನ್ ಬ್ಲಾಟ್‌ಗೆ. ನಾನು ನೋಡುತ್ತಿದ್ದದ್ದು ಕೋಶದೊಳಗೆ ಬೆಳವಣಿಗೆಯ ಸಂಕೇತ ಸಾಗಿಸುವ ಇಆರ್‌ಕೆ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಕೊಳ್ಳುವುದನ್ನು. ಅಂಟಿದರೆ ಅದು ಚುರುಕಾಗಿದೆ ಅಂತ ಅರ್ಥ. ಕೋಶಗಳನ್ನು ರಾತ್ರಿಯಿಡೀ ಸೀರಮ್ ಇಲ್ಲದೆ ಇಟ್ಟು, ಆಮೇಲೆ ಇಜಿಎಫ್ ಎಂಬ ಬೆಳವಣಿಗೆ ಪ್ರಚೋದಕ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಸಿಗ್ನಲ್ ಏರುತ್ತದೆ. ಇದು ಪಾಸಿಟಿವ್ ಕಂಟ್ರೋಲ್. ಮೊದಲೇ ಯು0126 ಎಂಬ ತಡೆಕಾರಿ ಕೊಟ್ಟರೆ ಆ ಸಿಗ್ನಲ್ ಏಳಬಾರದು. ಇದು ನೆಗೆಟಿವ್ ಕಂಟ್ರೋಲ್. ಇವೆರಡೂ ಅದೇ ಜೆಲ್‌ನಲ್ಲಿ ಇಲ್ಲದಿದ್ದರೆ ನನ್ನ ಸ್ಯಾಂಪಲ್‌ನ ಬ್ಯಾಂಡ್ ಎಷ್ಟೇ ಚೆನ್ನಾಗಿ ಬಂದರೂ ನಾನು ನಂಬುತ್ತಿರಲಿಲ್ಲ.

ಜೆಲ್‌ನಿಂದ ಪ್ರೋಟೀನ್‌ಗಳನ್ನು ಮೆಂಬ್ರೇನ್ ಎಂಬ ಹಾಳೆಗೆ ಇಳಿಸಿದ ಮೇಲೆ, ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಖಾಲಿ ಜಾಗ ಮುಚ್ಚುವುದೇ ಬ್ಲಾಕಿಂಗ್. ಅದಕ್ಕೆ ಹಾಲಿನ ಪುಡಿ ಬೇಡ, ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ಬಳಸು ಅಂತ ಸೀನಿಯರ್ ಒಬ್ಬರು ಹೇಳಿಕೊಟ್ಟರು. ಹಾಲಿನ ಕೇಸಿನ್ ಎಂಬ ಪ್ರೋಟೀನಿನಲ್ಲೇ ಫಾಸ್ಫೇಟ್ ಇರುತ್ತದೆ, ಫಾಸ್ಫೇಟ್ ಅಂಟಿದ ಪ್ರೋಟೀನನ್ನು ಗುರುತಿಸುವ ಫಾಸ್ಫೋ ಆಂಟಿಬಾಡಿ ಹಾಕಿದಾಗ ಹಿನ್ನೆಲೆ ಕಪ್ಪಾಗಬಹುದು. ಲೋಡಿಂಗ್ ಕಂಟ್ರೋಲ್‌ಗೆ (ಎಲ್ಲ ಸ್ಯಾಂಪಲ್ ಸಮನಾಗಿ ಹಾಕಿದ್ದೇವೆ ಅಂತ ತೋರಿಸುವ ಪ್ರೋಟೀನಿಗೆ) ಎಲ್ಲರೂ ಬಳಸುವ ಆಕ್ಟಿನ್ ಯಾಕಿಲ್ಲ ಅಂತ ಸಂದರ್ಶನದಲ್ಲಿ ಕೇಳಿದರು. ಇಆರ್‌ಕೆಯ ಎರಡು ಬ್ಯಾಂಡ್ 42 ಮತ್ತು 44 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಬರುತ್ತವೆ, ಆಕ್ಟಿನ್ ಕೂಡ ಸುಮಾರು 42. ಒಂದೇ ಮೆಂಬ್ರೇನ್‌ನಲ್ಲಿ ಒಂದರ ಮೇಲೊಂದು ಕೂರುತ್ತವೆ. ನಾನು ಬಳಸಿದ್ದು 117ರ ಹತ್ತಿರ ಬರುವ ವಿಂಕ್ಯುಲಿನ್ ಎಂಬ ಪ್ರೋಟೀನ್. ಜೊತೆಗೆ ಒಟ್ಟು ಇಆರ್‌ಕೆ ಎಷ್ಟಿದೆ ಅಂತಲೂ ನೋಡಬೇಕು. ಇಲ್ಲದಿದ್ದರೆ ಹೆಚ್ಚಿದ್ದು ಫಾಸ್ಫೇಟೋ, ಪ್ರೋಟೀನೇ ಹೆಚ್ಚಿತೋ ಹೇಳಲಾಗದು. ಈ ಉತ್ತರ ಯಾವ ಪ್ರೋಟೋಕಾಲ್ ಹಾಳೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಜೆಲ್ ಮುಂದೆ ಕೂತು ಯೋಚಿಸಿದಾಗ ಹೊಳೆದದ್ದು.

ಕ್ಯೂಪಿಸಿಆರ್ ಬಗ್ಗೆ ಹೇಳುವುದು ಕಡಿಮೆ. ಕೈಕೆಲಸ ಸುಲಭ, ಲೆಕ್ಕದಲ್ಲೇ ಎಡವಟ್ಟು ಜಾಸ್ತಿ. ಒಂದೇ ಸ್ಯಾಂಪಲನ್ನು ಮೂರು ವೆಲ್‌ಗಳಿಗೆ (ಪ್ಲೇಟಿನ ಗುಂಡಿಗಳಿಗೆ) ಹಾಕಿದರೆ ಮೂರು ಪ್ರಯೋಗ ಆಗುವುದಿಲ್ಲ, ಪಿಪೆಟ್ ಹಿಡಿದ ಕೈ ಎಷ್ಟು ಸ್ಥಿರ ಅನ್ನುವುದಷ್ಟೇ ಗೊತ್ತಾಗುತ್ತದೆ. ಬೇರೆ ಬೇರೆ ದಿನ ಬೆಳೆಸಿದ ಕೋಶಗಳಿಂದ ಮೊದಲಿನಿಂದ ಮಾಡಿದ್ದನ್ನು ಮಾತ್ರ ನಾನು ಎಣಿಸಿದೆ. ಗ್ರಾಫ್ ತೋರಿಸಿದರೆ ಸಂದರ್ಶಕರ ಮೊದಲ ಪ್ರಶ್ನೆ ಬಹುತೇಕ ಇದೇ.

ಇಷ್ಟೆಲ್ಲ ನೆನಪಿನಿಂದ ಹೇಳಲು ಆಗುವುದಿಲ್ಲ. ನನ್ನ ಲ್ಯಾಬ್ ನೋಟ್‌ಬುಕ್‌ನಲ್ಲಿ ಆಂಟಿಬಾಡಿಯ ಲಾಟ್ ನಂಬರ್, ಕೋಶಗಳ ಪ್ಯಾಸೇಜ್ ಸಂಖ್ಯೆ (ಎಷ್ಟು ಸಲ ಹೊಸ ಫ್ಲಾಸ್ಕಿಗೆ ಹಂಚಿದ್ದು), ಯಾವ ಬಾಟಲಿ ಯಾವತ್ತು ತೆರೆದದ್ದು ಎಲ್ಲ ಅವತ್ತವತ್ತೇ ಬರೆದಿದ್ದೆ. ರೆಸ್ಯೂಮೆ ಬರೆಯುವಾಗ ಅದನ್ನೇ ತಿರುವಿ ಹಾಕಿದೆ.

ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಅಳೆಯುವ ಫ್ಲೋ ಸೈಟೋಮೆಟ್ರಿಯನ್ನು ಮಾತ್ರ ಬೇರೆ ಇಟ್ಟೆ. ಯಂತ್ರ ನಡೆಸಿದ್ದು ಬೇರೆಯವರು, ನಾನು ಕೋಶಗಳಿಗೆ ಬಣ್ಣ ಹಾಕಿ ಕೊಡುತ್ತಿದ್ದೆ ಅಷ್ಟೆ. ಹಾಗಾಗಿ 'ಸ್ಯಾಂಪಲ್ ತಯಾರಿ ಮಾತ್ರ' ಅಂತ ಬರೆದೆ. ಇಲ್ಲದಿದ್ದರೆ ಗೇಟ್ (ಯಾವ ಕೋಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವ ಗೆರೆ) ಎಲ್ಲಿ ಹಾಕಿದಿರಿ, ಯಾಕೆ ಅಲ್ಲೇ ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.