ಲಂಗೋಟಿಗೆ ಲೈನಿಂಗ್ ಬಟ್ಟೆಯ ಮ್ಯಾಚಿಂಗ್: ನನ್ನ ಅನುಭವ

ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಿಬರುವುದು ನಮ್ಮಂಥ ಆಶಾ ಕಾರ್ಯಕರ್ತೆಯರಿಗೆ ಹೊಸದಲ್ಲ. ಅಷ್ಟೂ ಭೇಟಿ ಮುಗಿಸಿದರೆ ಸಿಗುವ 250 ರೂಪಾಯಿಯೂ ಹೊಸದಲ್ಲ. ಆದರೆ ಮಗುವಿನ ಮಲದ ವಿಷಯದಲ್ಲಿ ಮಾತ್ರ ನನ್ನ ಮಾತು ಸೋಲುತ್ತಿತ್ತು. ಎದೆಹಾಲಿನ ಮಗುವಿಗೆ ಐದನೇ ದಿನದಿಂದ ಆಗುವ, ಸಾಸಿವೆ ಅರೆದು ಕಲಸಿದಂತಹ ತೆಳು ಹಳದಿ ಮಲವನ್ನು ಭೇದಿಯೆಂದು ತಿಳಿದು ಅಜ್ಜಿಯರು ಡಬ್ಬಿ ಹಾಲು ತರಿಸುತ್ತಿದ್ದರು. ನಿಜವಾಗಿ ಹೆದರಬೇಕಾದ ಬಿಳಿಚಿದ ಮಲವನ್ನು ಮಾತ್ರ "ಹಾಲು ಕುಡಿಯುವ ಮಗುವಲ್ಲವೇ" ಎಂದು ಬಿಟ್ಟುಬಿಡುತ್ತಿದ್ದರು.

ಯಾವ ಬಣ್ಣದ ಮಲ ಸರಿ, ಯಾವುದು ಅಲ್ಲ ಎಂದು ತೋರಿಸಲು ಮೊದಲು ಬಣ್ಣದ ಜೆರಾಕ್ಸ್ ಮಾಡಿಸಿದೆ. ಸುಮಾರು 400 ರೂಪಾಯಿ ಕೈಯಿಂದ ಹೋಯಿತು, ಹಸಿರು ನೀಲಿಯಾಗಿ ಬಂತು. ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಲು ಹೋದರೆ ಬಾಣಂತಿ ಕೋಣೆಯ ಬಲ್ಬಿನ ಬೆಳಕಿಗೆ ಎಲ್ಲವೂ ಹಳದಿ. ರವಿಕೆಗೆ ಲೈನಿಂಗ್ ತರಲು ಮ್ಯಾಚಿಂಗ್ ಸೆಂಟರಿನಲ್ಲಿ ನಿಂತಿದ್ದಾಗ ಹೊಳೆಯಿತು: ಸೀರೆಯ ಅಂಚಿಗೆ ಬಟ್ಟೆ ಹಿಡಿದು ಎಳೆಯಷ್ಟು ವ್ಯತ್ಯಾಸವನ್ನೂ ಹೇಳುವ ಕಣ್ಣು ನಮ್ಮ ಅಜ್ಜಿಯರಿಗೆ ಇದ್ದೇ ಇದೆ. "ಮಲಕ್ಕೂ ಮ್ಯಾಚಿಂಗಾ?" ಎಂದು ಜೊತೆಯವರು ತಿಂಗಳುಗಟ್ಟಲೆ ನಕ್ಕರು.

ಮೊದಲೆರಡು ದಿನದ ಡಾಂಬರಿನಂತಹ ಕಪ್ಪು, ಮೂರು ನಾಲ್ಕನೇ ದಿನದ ಮೆಹಂದಿ ಹಸಿರು, ಆಮೇಲಿನ ಸಾಸಿವೆ ಹಳದಿ, ಕೊನೆಯ ಪುಟದಲ್ಲಿ ಕೆಂಪು ದಾರದಿಂದ ಸುತ್ತು ಹೊಲಿದ, ಹೆದರಬೇಕಾದ ಸುಣ್ಣ, ಕೆನೆ, ಬೂದಿ, ಹೀಗೆ ಲೈನಿಂಗ್ ಬಟ್ಟೆಯ ಚೂರುಗಳನ್ನು ಹೊಲಿದು ಪುಸ್ತಕ ಮಾಡಿದೆ. ಮೊದಲ ಪುಸ್ತಕವನ್ನು ಬಿಸಿನೀರಿನಲ್ಲಿ ಒಗೆದಾಗ ಕಪ್ಪು ಬಣ್ಣ ಬಿಟ್ಟು ಹಳದಿಯನ್ನೆಲ್ಲ ಹಾಳುಮಾಡಿತು. ಪ್ಲಾಸ್ಟಿಕ್ ಹೊದಿಸಿದರೆ ಅದರ ಹೊಳಪಿನಲ್ಲಿ ಕೆನೆ ಯಾವುದು, ಸುಣ್ಣ ಯಾವುದು ತಿಳಿಯಲಿಲ್ಲ. ಈಗ ಬಣ್ಣ ಬಿಡದಂತೆ ಮಾಡುವ ಉಪಾಯವೊಂದು ಸಿಕ್ಕಿದೆ, ಅದು ಸದ್ಯಕ್ಕೆ ನನ್ನಲ್ಲಿಯೇ ಇರಲಿ. ಹೋಲಿಸುವುದನ್ನು ಮಾತ್ರ ಹಗಲಿನಲ್ಲಿ, ಬಾಗಿಲ ಬಳಿಯ ಬೆಳಕಿನಲ್ಲಿಯೇ ಮಾಡಬೇಕು.

ಮಲ ಎಷ್ಟು ಸಲ ಆಗಬೇಕು ಎಂಬ ಪ್ರಶ್ನೆಗೆ ಬಟ್ಟೆಯಲ್ಲಿ ಉತ್ತರವಿಲ್ಲ. ಒಂದೂವರೆ ತಿಂಗಳಿನ ಮಗುವೊಂದಕ್ಕೆ ಆರು ದಿನ ಮಲವಾಗದೆ, ಅಜ್ಜಿ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಸಿದ್ಧವಾಗಿದ್ದರು. ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ, ಹೊಟ್ಟೆ ಮೆತ್ತಗಿತ್ತು, ವಾಂತಿಯಿರಲಿಲ್ಲ, ದಿನಕ್ಕೆ ಏಳೆಂಟು ಲಂಗೋಟಿ ಮೂತ್ರದಿಂದ ಒದ್ದೆಯಾಗುತ್ತಿದ್ದವು. ಆದ್ದರಿಂದ ಕಾಯೋಣ ಎಂದೆ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಮರುದಿನ ಅಜ್ಜಿಯ ಮಡಿಲು ತುಂಬುವಷ್ಟು ಮೆತ್ತಗೆ ಆಯಿತು. ಆದರೆ ಹುಟ್ಟಿ ಎರಡು ದಿನವಾದರೂ ಕಪ್ಪು ಮಲವೇ ಆಗದ, ಹೊಟ್ಟೆ ಉಬ್ಬಿದ ಅಥವಾ ಹಸಿರು ವಾಂತಿ ಮಾಡುವ ಮಗುವಿಗೆ ಈ ತಾಳ್ಮೆ ಸಲ್ಲದು.

ನನ್ನ ಪುಸ್ತಕ ನಿಜಕ್ಕೂ ಕೆಲಸಕ್ಕೆ ಬಂದದ್ದು ಒಂದು 28ನೇ ದಿನದ ಭೇಟಿಯಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಲಂಗೋಟಿಯನ್ನು ತಂದು ಕೆಂಪು ದಾರದ ಪುಟದ ಪಕ್ಕ ಹಿಡಿದು, "ಇದೇ ಕೆನೆ, ನೋಡವ್ವ" ಎಂದರು. ಮಗುವಿನ ಕಣ್ಣೂ ಹಳದಿಯಾಗಿತ್ತು. ಯಕೃತ್ತಿನಿಂದ ಪಿತ್ತವನ್ನು ಕರುಳಿಗೆ ಒಯ್ಯುವ ಪಿತ್ತನಾಳ ಮುಚ್ಚಿಕೊಂಡಿದೆ ಎಂದು ಬೆಂಗಳೂರಿನಲ್ಲಿ ಗೊತ್ತಾಗಿ, ಎರಡು ತಿಂಗಳು ತುಂಬುವ ಮೊದಲೇ ಶಸ್ತ್ರಚಿಕಿತ್ಸೆಯಾಯಿತು. ತಡವಾದಷ್ಟೂ ಅದರ ಫಲ ಕಡಿಮೆಯಂತೆ. ತೈವಾನ್ ದೇಶದಲ್ಲಿ 2004ರಿಂದ ಮಲದ ಬಣ್ಣ ಹೋಲಿಸಿ ನೋಡುವ ಇಂತಹದೇ ಕಾರ್ಡನ್ನು ತಾಯಂದಿರಿಗೆ ಕೊಡುತ್ತಾರೆ ಎಂದು ಬೆಂಗಳೂರಿನ ವೈದ್ಯರು ಹೇಳಿದಾಗ ನನಗೆ ಸ್ವಲ್ಪ ಜಂಬವೇ ಬಂತು. ಅಂದು ನಕ್ಕವರಲ್ಲಿ ಇಬ್ಬರು ಕಳೆದ ತಿಂಗಳು ಬಂದು ಕೆನೆ ಬಣ್ಣದ ಚೂರು ಕೇಳಿದರು. ಕತ್ತರಿಸಿ ಕೊಟ್ಟೆ, ದಾರ ಅವರೇ ತಂದುಕೊಳ್ಳಲಿ ಎಂದೆ.