ಖಾಲಿ ಟ್ಯಾಂಕ್ ಕಲಿಸಿದ ಥರ್ಮೋ: ನನ್ನ ಅನುಭವ

ಥರ್ಮೋ, ಅಂದರೆ ಶಾಖ-ಕೆಲಸಗಳ ಲೆಕ್ಕದ ಥರ್ಮೋಡೈನಮಿಕ್ಸ್‌ನಲ್ಲಿ, ಸೂತ್ರಗಳ ಪಟ್ಟಿ ಬದಿಗಿಟ್ಟು, ಪ್ರತಿ ಲೆಕ್ಕಕ್ಕೂ ಮಾಸ್, ಎನರ್ಜಿ, ಎಂಟ್ರೊಪಿ (ಶಕ್ತಿ ಎಷ್ಟು ಚದುರಿದೆ ಅನ್ನೋದರ ಅಳತೆ) ಅಂತ ಮೂರೇ ಬ್ಯಾಲೆನ್ಸ್, ಅಂದರೆ ಬಂದದ್ದು, ಹೋದದ್ದು, ಉಳಿದದ್ದರ ಜಮಾ-ಖರ್ಚು ಬರೀತೀನಿ ಅಂದಾಗ ಜೊತೆಗಾರರು ನಕ್ಕಿದ್ದರು. "ಒಂದೊಂದಕ್ಕೆ ಅರ್ಧ ಗಂಟೆ ಹಿಡಿದ್ರೆ ಪೇಪರ್ ಮುಗಿಸೋದು ಯಾವಾಗ ಮಾರಾಯಾ?" ಈಗ ಅವರೇ ಉತ್ತರ ಸರಿಯಿದೆಯಾ ನೋಡು ಅಂತ ನೋಟ್‌ಬುಕ್ ಹಿಡಿದು ಬರುತ್ತಾರೆ.

ಅದಕ್ಕೂ ಮುಂಚೆ ಸುರಿದ ದುಡ್ಡು ಕಡಿಮೆಯೇನಲ್ಲ. ವಿಡಿಯೊ ಕೋರ್ಸು, ಮೇಲೊಂದು ಟ್ಯೂಶನ್ನು, ರಾಶಿ ಗೈಡು. ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತಿತ್ತು. ಪ್ರಶ್ನೆ ಸ್ವಲ್ಪ ವೇಷ ಬದಲಿಸಿದರೆ ಕೈ ಓಡುತ್ತಿರಲಿಲ್ಲ. ಖರ್ಚು ಮಾಡಿದ್ದರಲ್ಲಿ ದುಡಿದದ್ದು ಒಂದೇ, ಎಲ್ಲಕ್ಕಿಂತ ಅಗ್ಗದ ಸ್ಟೀಮ್ ಟೇಬಲ್, ನೀರು-ಹಬೆಯ ಗುಣಗಳ ಅಂಕಿಪಟ್ಟಿ.

ಗಂಟು ಬಿಚ್ಚಿದ್ದು ಟ್ಯಾಂಕ್ ತುಂಬಿಸುವ ಹಳೇ ಲೆಕ್ಕದಲ್ಲಿ. ಲೈನಿನಲ್ಲಿ 300 ಕೆಲ್ವಿನ್ ಗಾಳಿ, ಪಕ್ಕದಲ್ಲಿ ಇನ್ಸುಲೇಟ್ ಮಾಡಿದ ನಿರ್ವಾತ ಟ್ಯಾಂಕ್. ವಾಲ್ವ್ ತೆಗೆದು ಒತ್ತಡ ಸಮವಾಗುವವರೆಗೆ ಬಿಟ್ಟರೆ ಒಳಗಿನ ತಾಪಮಾನ ಎಷ್ಟು? ಕೆಲವರು 300 ಅಂದರು, ಕೆಲವರು ಗಾಳಿ ಹಿಗ್ಗಿ ತಣ್ಣಗಾಗುತ್ತೆ ಅಂದರು. ಬ್ಯಾಲೆನ್ಸ್ ಬರೆದು ನೋಡಿ: ಒಳಗೆ ಬರುವುದು ಎಂಥಾಲ್ಪಿ (ಗಾಳಿಯ ಒಳಶಕ್ತಿ ಮತ್ತು ಅದನ್ನು ತಳ್ಳಿದ ಕೆಲಸ ಸೇರಿದ್ದು), ಒಳಗೆ ಉಳಿಯುವುದು ಇಂಟರ್ನಲ್ ಎನರ್ಜಿ, ಅಂದರೆ ಬರೀ ಒಳಶಕ್ತಿ. ಗಾಳಿಯ ಎರಡು ವಿಶಿಷ್ಟೋಷ್ಣಗಳಲ್ಲಿ ಸ್ಥಿರ ಒತ್ತಡದ 1.005ನ್ನು ಸ್ಥಿರ ಗಾತ್ರದ 0.718ರಿಂದ ಭಾಗಿಸಿ 300ಕ್ಕೆ ಗುಣಿಸಿದರೆ 420 ಕೆಲ್ವಿನ್, ಅಂದರೆ 147 ಡಿಗ್ರಿ! ಹಿಂದಿನ ಗಾಳಿ ಮುಂದಿನದನ್ನು ಒಳಕ್ಕೆ ತಳ್ಳಿದ ಕೆಲಸವೆಲ್ಲ ಬಿಸಿಯಾಗಿ ಕೂತಿದೆ. ಯಾರೂ ಕೇಳದಿದ್ದರೂ ಎಂಟ್ರೊಪಿಯನ್ನೂ ಬರೆದೆ: ಪ್ರತಿ ಕೆಜಿಗೆ ಸುಮಾರು 0.34 ಕಿಲೋಜೂಲ್ ಪ್ರತಿ ಕೆಲ್ವಿನ್ ಹೊಸದಾಗಿ ಹುಟ್ಟಿದೆ. ಈ ಪ್ರಕ್ರಿಯೆ ತಾನಾಗಿ ಹಿಂದಕ್ಕೆ ಹೋಗಲ್ಲ ಅಂತ ಆ ಅಂಕಿಯೇ ಹೇಳುತ್ತೆ.

ಈ ಚಟದಿಂದಲೇ ಒಂದು ಗೈಡಿನ ಉತ್ತರವನ್ನೂ ಹಿಡಿದೆ. ಅಡಿಯಾಬ್ಯಾಟಿಕ್ (ಶಾಖ ಒಳಗೂ ಹೊರಗೂ ಹೋಗದ) ಟರ್ಬೈನ್, 30 ಬಾರ್, 400 ಡಿಗ್ರಿ ಹಬೆ. ಒಳಗೆ ಹೋಗುವಾಗ ಎಂಟ್ರೊಪಿ 6.92, ಅವರ ಲೆಕ್ಕದಲ್ಲಿ ಹೊರಗೆ ಬರುವಾಗ 6.7 ಚಿಲ್ಲರೆ. ಶಾಖ ಹೊರಹೋಗದೆ ಎಂಟ್ರೊಪಿ ಇಳಿಯಲ್ಲ, ಅಂಥ ಟರ್ಬೈನ್ ಈ ಲೋಕದಲ್ಲಿ ಇರೋಕೆ ಸಾಧ್ಯವಿಲ್ಲ. ಎಫಿಶಿಯೆನ್ಸಿ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ, ಬ್ಯಾಲೆನ್ಸ್ ಇಲ್ಲದಿದ್ದರೆ ನಾನೂ ನಂಬಿಬಿಡುತ್ತಿದ್ದೆ.

ನಡುವೆ ಒಂದು ಮೋಜಿನ ಪ್ರಯೋಗ. 1500 ವಾಟ್‌ನ ಕೆಟಲ್ಲನ್ನು ಮುಚ್ಚಳ ತೆಗೆದು ತೂಕದ ಯಂತ್ರದ ಮೇಲಿಟ್ಟು ಕುದಿಸಿದೆ. 200 ಗ್ರಾಂ ಆವಿಯಾಗಲು ಐದೂವರೆ ನಿಮಿಷದ ಹತ್ತಿರ ಹಿಡೀತು. ಲೆಕ್ಕ ಹಾಕಿದರೆ ಕುದಿಯುವ ನೀರನ್ನು ಆವಿ ಮಾಡಲು ಕೆಜಿಗೆ 2475 ಕಿಲೋಜೂಲ್ ಆಸುಪಾಸು. ಟೇಬಲ್ 2257 ಅನ್ನುತ್ತೆ. ಹೆಚ್ಚಿಗೆ ಹೋದದ್ದು ಕೆಟಲ್‌ನ ಗೋಡೆಯಿಂದ, ಸಿಡಿದ ಹನಿಗಳ ಲೆಕ್ಕ ಬೇರೆ. ಆಮೇಲೆ 2257 ಅನ್ನೋ ಅಂಕಿ ಮರೆತದ್ದೇ ಇಲ್ಲ.

ಲೆಕ್ಕಕ್ಕೆ ಯಾವುದು ಒಳಗೆ, ಯಾವುದು ಹೊರಗೆ ಅನ್ನೋ ಬೌಂಡರಿ ಎಲ್ಲಿ ಎಳೀಬೇಕು ಅಂತ ತೀರ್ಮಾನಿಸಲು ನನ್ನದೇ ನಾಲ್ಕು ಪ್ರಶ್ನೆಗಳಿವೆ. ಅವನ್ನು ಇಲ್ಲಿ ಬಿಚ್ಚಿಡಲ್ಲ, ಹತ್ತಿಪ್ಪತ್ತು ಲೆಕ್ಕ ಮಾಡಿದರೆ ನಿಮ್ಮವೇ ಹುಟ್ಟುತ್ತವೆ. ಸೈಕಲ್‌ಗಳನ್ನು (ಸುತ್ತು ಹಾಕಿ ಮೊದಲ ಸ್ಥಿತಿಗೇ ಮರಳುವ ಪ್ರಕ್ರಿಯೆಗಳ ಸರಣಿ) ಮಾತ್ರ ಕೊನೆಗಿಟ್ಟುಕೊಳ್ಳಿ. ರ‍್ಯಾಂಕಿನ್ ಅಂದರೆ ಹಬೆ ವಿದ್ಯುತ್ ಸ್ಥಾವರದ ಸೈಕಲ್; ಪಂಪು, ಬಾಯ್ಲರ್, ಟರ್ಬೈನ್, ಹಬೆಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್, ಒಂದೊಂದಕ್ಕೆ ಒಂದರಂತೆ ನಾಲ್ಕು ಬ್ಯಾಲೆನ್ಸ್. ನನಗೆ ಒಂದು ವಾರವೂ ಹಿಡಿಯಲಿಲ್ಲ.